ಲಿಫ್ಟಿನ ಜಗಳ, ಮನಸ್ಸಿನ ಮಾತು

ಪ್ರಶ್ನೆ: ವಿಜಯನಗರದಲ್ಲಿ ನಮ್ಮದು ನಾಲ್ಕು ಮಹಡಿಯ ಅಪಾರ್ಟ್‌ಮೆಂಟ್. ಮನೆಗೆಲಸದವರು ಲಿಫ್ಟ್ ಹತ್ತಬಾರದು ಅಂತ ಅಸೋಸಿಯೇಷನ್ ಕಾರ್ಯದರ್ಶಿಗಳು ವಾಚ್‌ಮನ್‌ಗೆ ಹೇಳಿಬಿಟ್ಟಿದ್ದಾರೆ. ನಮ್ಮನೆಗೆ ಬರುವಾಕೆಗೆ ಮಂಡಿನೋವು. ಕೇಳಿದರೆ, "ಜಾತಿಗೀತಿ ಏನಿಲ್ಲಮ್ಮ, ಸ್ವಚ್ಛತೆ ಪ್ರಶ್ನೆ. ಆ ಜನ ಹೇಗೆ ಅಂತ ನಿಮಗೆ ಗೊತ್ತಿಲ್ಲ" ಅಂದರು. ನಾನು ಕೂಗಾಡಿಬಿಟ್ಟೆ, ಮಾತು ಅಲ್ಲಿಗೇ ನಿಂತಿತು. ಯಜಮಾನರು "ನಮಗ್ಯಾಕೆ ಉಸಾಬರಿ" ಅಂತಾರೆ. ಇಂಥವರ ಹತ್ತಿರ ಹೇಗೆ ಮಾತಾಡೋದು?
– ಹೆಸರು ಬೇಡ, ಬೆಂಗಳೂರು

ಉತ್ತರ: ಕಾರ್ಯದರ್ಶಿಗಳಿರಲಿ, ಮೊದಲು ಆಕೆಯನ್ನು ಕೇಳಿದಿರಾ? ಅದೇ ಕಟ್ಟಡದಲ್ಲಿ ಆಕೆ ಇನ್ನೂ ಎರಡು ಮೂರು ಮನೆ ಮಾಡುತ್ತಿರಬಹುದು. ನೀವು ಜಗಳ ಆಡಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೀರಿ. ಮರುದಿನ ಬೆಳಿಗ್ಗೆ ಗೇಟಿನಲ್ಲಿ ವಾಚ್‌ಮನ್ ಮುಖ ನೋಡಬೇಕಾದವರು ಆಕೆ. ತಮ್ಮ ಹೆಸರು ಎತ್ತುವುದು ಬೇಡ ಅಂದರೆ ಎತ್ತಬೇಡಿ, ನಿಯಮದ ಬಗ್ಗೆ ಮಾತ್ರ ಮಾತಾಡಿ.

ಇನ್ನು ನಿಮ್ಮ ಸಿಟ್ಟು. ಅದು ನ್ಯಾಯವಾದದ್ದೇ. ಆದರೆ ಲಿಫ್ಟ್ ಬಿಡಿಸುವುದು, ಅವರ ಮನಸ್ಸು ತಿರುಗಿಸುವುದು, ಎರಡನ್ನೂ ಒಂದೇ ಉಸಿರಿಗೆ ಮಾಡಲು ಹೊರಟಿದ್ದೀರಿ. ಅವರ ಮನಸ್ಸು ಬದಲಾಗುವ ತನಕ ಆಕೆ ಮೆಟ್ಟಿಲು ಹತ್ತುತ್ತಾ ಇರಬೇಕೇ?

ಲಿಫ್ಟಿನ ವಿಚಾರ ಬರಹದಲ್ಲಿ ಆಗಲಿ. ಈ ನಿಯಮ ಯಾವ ಸಭೆಯಲ್ಲಿ ತೀರ್ಮಾನವಾಯಿತು, ನಡಾವಳಿ ಪುಸ್ತಕದಲ್ಲಿ ಇದೆಯೇ ಅಂತ ಒಂದು ಪತ್ರ ಕೊಡಿ. ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಬೇಡ, ಅಲ್ಲಿ ಎಲ್ಲರಿಗೂ ಗೆಲ್ಲುವ ಚಪಲ. ಸಭೆಯಲ್ಲಿ ಅವರು ಸ್ವಚ್ಛತೆ ಅಂದರೆ ನೀವೂ ಸ್ವಚ್ಛತೆಯನ್ನೇ ಹಿಡಿಯಿರಿ: ಸೋರುವ ಕಸದ ಚೀಲ ಲಿಫ್ಟಿಗೆ ತರಬಾರದು, ನಾಯಿ ಗಲೀಜು ಮಾಡಿದರೆ ಒಡೆಯರೇ ಒರೆಸಬೇಕು, ಓನರ್ ಆದರೂ ಅಷ್ಟೆ, ಕೆಲಸದವರಾದರೂ ಅಷ್ಟೆ. ಇದಕ್ಕೆ ಬೇಡ ಅನ್ನುವುದು ಅವರಿಗೆ ಕಷ್ಟ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ಯಾವ ರೂಪದಲ್ಲೂ ಒಪ್ಪುವುದಿಲ್ಲ, 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯೂ ಇದೆ. ಗೊತ್ತಿರಲಿ, ಮೊದಲ ಮಾತಿಗೇ ತೆಗೆಯಬೇಡಿ.

ಮನಸ್ಸಿನ ಮಾತು ಅವರೊಬ್ಬರೇ ಇದ್ದಾಗ, ಕಾಫಿ ಹೊತ್ತಿಗೆ. ಅಮೆರಿಕದ ಮಯಾಮಿಯಲ್ಲಿ ನಡೆದ, 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಇಷ್ಟ. ಕಾರ್ಯಕರ್ತರು ಮನೆಮನೆಗೆ ಹೋಗಿ, ಲಿಂಗತ್ವ ಅಲ್ಪಸಂಖ್ಯಾತರ ಬಗ್ಗೆ ಸುಮಾರು 10 ನಿಮಿಷ ಮಾತಾಡಿದರು. ಉಪದೇಶ ಮಾಡಲಿಲ್ಲ. "ನೀವು ಬೇರೆ ಥರ ಅಂತ ಯಾರಾದರೂ ನಿಮ್ಮನ್ನು ಹೀಗಳೆದದ್ದು ಉಂಟೇ?" ಅಂತ ಕೇಳಿ, ಹೇಳಿದ್ದನ್ನು ಕೇಳಿಸಿಕೊಂಡರು. ಪೂರ್ವಗ್ರಹ ಕಡಿಮೆಯಾಯಿತು, ಮೂರು ತಿಂಗಳ ಮೇಲೂ ಆ ಪರಿಣಾಮ ಉಳಿದಿತ್ತು. ಎಲ್ಲರೂ ಬದಲಾದರು ಅಂತಲ್ಲ.

ಇಲ್ಲಿ ಹಾಗೆ ಕೇಳಿದರೆ ನಮ್ಮ ಹಿರಿಯರು ಗಾಬರಿಯಾದಾರು. ಬದಲಿಗೆ, "ಅಂಕಲ್, ನೀವು ಬೆಂಗಳೂರಲ್ಲಿ ಮೊದಲು ಬಾಡಿಗೆ ಮನೆ ಹುಡುಕಿದಾಗ ಓನರ್ ಏನು ಕೇಳಿದ್ರು?" ಅನ್ನಿ. ಈ ಊರಲ್ಲಿ ಮನೆ ಹುಡುಕಿದ ಬಹಳಷ್ಟು ಮಂದಿ "ನೀವು ಯಾವ ಜನ?" ಅನ್ನಿಸಿಕೊಂಡವರೇ. ಅವರು ಹೇಳಲಿ, ನೀವು ಮಧ್ಯೆ ಬಾಯಿ ಹಾಕಬೇಡಿ. "ನೋಡಿದ್ರಾ, ಈಕೆಗೂ ಹಾಗೇ ಅಲ್ವಾ" ಅಂತ ಆಗಲೇ ಪಾಠ ಜೋಡಿಸಬೇಡಿ. ನಾಲ್ಕು ದಿನ ಬಿಟ್ಟು ಹೇಳಿದರೂ ನಡೆಯುತ್ತೆ.

ಮತ್ತೆ "ಆ ಜನ" ಅಂದರೆ, ನಗಬೇಡಿ, ಕೂಗಲೂ ಬೇಡಿ. "ಆ ಮಾತು ನನಗೆ ಸರಿಬರಲಿಲ್ಲ ಅಂಕಲ್" ಅಂದು ಸುಮ್ಮನಾಗಿ. ಬೈಗುಳಕ್ಕೋ ಬೆದರಿಕೆಗೋ ಇಳಿದರೆ ಎದ್ದು ಬನ್ನಿ.

ನಿಮ್ಮ ಯಜಮಾನರಿಗೆ ಹೇಳಿ, ಭಾಷಣ ಏನೂ ಬೇಡ. ನಿರ್ಣಯ ನೀವು ಮಂಡಿಸುತ್ತೀರಿ, ಅನುಮೋದಿಸಲು ಒಬ್ಬರು ಬೇಕು. ಅಷ್ಟು ಉಸಾಬರಿ ಅವರು ಮಾಡಲಿ.