ಕೆಂಪು 6 ಸಲ ಬಂದ್ಮೇಲೆ ಕಪ್ಪು ಬರ್ಲೇಬೇಕು ಅಂತೇನಿಲ್ಲ

ರೂಲೆಟ್‌ನಲ್ಲಿ (ತಿರುಗೋ ಚಕ್ರದಲ್ಲಿ ಗೋಲಿ ಎಲ್ಲಿ ಬೀಳತ್ತೆ ಅಂತ ದುಡ್ಡು ಕಟ್ಟೋ ಕ್ಯಾಸಿನೋ ಆಟ) ಸತತ 6 ಸಲ ಕೆಂಪು ಬಂದ್ಮೇಲೆ ಕಪ್ಪಿಗೆ ಕಟ್ಟಿದ್ರೆ ಚಾನ್ಸ್ ಜಾಸ್ತಿ ಅಲ್ವಾ ಅಂತ ಕೇಳಿದೀರ. ಇಲ್ಲ ರೀ. ಯುರೋಪಿಯನ್ ಚಕ್ರದಲ್ಲಿ 37 ಮನೆ, 18 ಕೆಂಪು, 18 ಕಪ್ಪು, ಒಂದು ಹಸಿರು ಸೊನ್ನೆ, ಗೋಲಿಗೆ ಹಿಂದಿನ ಸಲ ಎಲ್ಲಿ ಬಿದ್ದೆ ಅನ್ನೋ ನೆನಪಿರಲ್ಲ, ಹಾಗಾಗಿ ಪ್ರತಿ ಸಲಾನೂ ಕಪ್ಪಿಗೆ 37ರಲ್ಲಿ 18, ಅಂದ್ರೆ 48.6% ಅಷ್ಟೇ. ಒಂದೇ ನಂಬರಿಗೆ 10 ಯೂರೋ ಕಟ್ಟಿ ಗೆದ್ರೆ 350 ಲಾಭ ಕೊಡ್ತಾರೆ, ಲೆಕ್ಕದ ಪ್ರಕಾರ 360 ಕೊಡ್ಬೇಕು, ಆ ಕಡಿತಾನೇ ಕ್ಯಾಸಿನೋದ 2.7% ಪಾಲು, ಕೆಂಪು, ಕಪ್ಪು, ಡಜನ್ (12 ನಂಬರಿನ ಗುಂಪು) ಎಲ್ಲಿಗೆ ಕಟ್ಟಿದ್ರೂ ಅದೇ. ಸೊನ್ನೆ ಬಿದ್ದಾಗ ಕೆಂಪು-ಕಪ್ಪಿಗೆ ಅರ್ಧ ವಾಪಸ್ ಕೊಡೋ ಫ್ರೆಂಚ್ ರೂಲ್ ಟೇಬಲ್ ಆದ್ರೆ ಮಾತ್ರ 1.35%. ದಯವಿಟ್ಟು ಸೋತಾಗೆಲ್ಲ ಡಬಲ್ ಮಾಡ್ಬೇಡಿ, 10ರಿಂದ ಶುರು ಮಾಡಿ 7 ಸಲ ಸೋತ್ರೆ 1270 ಹೋಗಿರತ್ತೆ, ಮುಂದಿನದಕ್ಕೆ 1280 ಬೇಕು.