ಹಾಲ್‌ನಲ್ಲಿ ಯುದ್ಧದ ಚಿತ್ರ ಹಾಕಬಹುದಾ?

ರಾಯಚೂರಿನ ಓದುಗರೊಬ್ಬರ ಪತ್ರ ಬಂದಿದೆ. ಹೊಸ ಮನೆ ಕಟ್ಟಿಸಿದ್ದಾರೆ, ಹಾಲ್‌ನ ದೊಡ್ಡ ಗೋಡೆ ಖಾಲಿ ಇದೆ. ಅಲ್ಲಿಗೆ ಹಳೆಯ ಯುದ್ಧಚಿತ್ರವೊಂದರ ನಕಲನ್ನು ಎಣ್ಣೆಬಣ್ಣದಲ್ಲಿ ಕೈಯಿಂದಲೇ ಬರೆಸಿ ಹಾಕಬೇಕು ಅನ್ನೋದು ಅವರ ಆಸೆ. ತಮ್ಮನ ಪ್ರಕಾರ ಅದು ದುಡ್ಡು ದಂಡ, ಪ್ರಿಂಟ್ ತಂದರೆ ಸಾಕು. ಅವ್ವನ ಪ್ರಕಾರ ಮನೆಯಲ್ಲಿ ಯುದ್ಧದ ಚಿತ್ರ ಇದ್ದರೆ ಜಗಳ ತಪ್ಪೋದಿಲ್ಲ. ನಮ್ಮೂರಿನದೇ 1520ರ ಯುದ್ಧದ ಚಿತ್ರ ಸಿಗುತ್ತದಾ ಅಂತಲೂ ಕೇಳಿದ್ದಾರೆ.

ನಮಸ್ಕಾರ. ಮೊದಲು ಅವ್ವನ ಮಾತಿಗೆ ಬರೋಣ. ಅದನ್ನು ಮೂಢನಂಬಿಕೆ ಅಂತ ತಳ್ಳಿಹಾಕಬೇಡಿ. ದಿನಾ ಊಟಕ್ಕೆ ಕೂತಾಗ ಕಣ್ಣೆದುರು ಕತ್ತಿ ಕುತ್ತಿಗೆಗೆ ಬೀಳ್ತಾ ಇದ್ದರೆ ಯಾರಿಗೆ ಹಿತ? ಆದರೆ ನಮ್ಮ ಕಡೆ ಎಷ್ಟು ಮನೆಗಳಲ್ಲಿ ಗೀತೋಪದೇಶದ ಫೋಟೊ ಇಲ್ಲ ಹೇಳಿ. ಅದೂ ರಣರಂಗವೇ ಅಲ್ವಾ? ಎರಡೂ ಕಡೆ ಸೈನ್ಯ ನಿಂತಿದೆ, ನಡುವೆ ರಥ. ಅದನ್ನು ನೋಡಿ ಯಾರೂ ಜಗಳದ ಚಿತ್ರ ಅನ್ನೋದಿಲ್ಲ, ಯಾಕಂದ್ರೆ ಬಾಣ ಇನ್ನೂ ಬಿಟ್ಟಿಲ್ಲ. ಹಾಗಾಗಿ ಯುದ್ಧದ ಚಿತ್ರ ಬೇಕೋ ಬೇಡವೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ಯುದ್ಧದ ಯಾವ ಗಳಿಗೆ ಬೇಕು ಅಂತ ಯೋಚನೆ ಮಾಡಿ.

ಸ್ಪೇನಿನ ವೆಲಾಸ್ಕೆಸ್ 1635ರ ಹೊತ್ತಿಗೆ ಬರೆದ ‘ಬ್ರೆಡಾದ ಶರಣಾಗತಿ’ ನೋಡಿ. ಸೋತ ಡಚ್ ಸೇನಾನಿ ಊರಿನ ಬೀಗದ ಕೈ ಒಪ್ಪಿಸಲು ಬಾಗುತ್ತಿದ್ದಾನೆ. ಗೆದ್ದ ಸ್ಪೇನಿನ ಸೇನಾನಿ ಸ್ಪಿನೋಲಾ ಕುದುರೆಯಿಂದ ಇಳಿದು ಬಂದು ಅವನ ಹೆಗಲ ಮೇಲೆ ಕೈ ಇಟ್ಟಿದ್ದಾನೆ, ಮಂಡಿ ಊರೋದು ಬೇಡ ಅನ್ನೋ ಹಾಗೆ. ಹಿಂದೆ ಈಟಿಗಳೆಲ್ಲ ನೆಟ್ಟಗೆ ನಿಂತಿವೆ. ದೂರದಲ್ಲಿ ಹೊಗೆ. ಇಷ್ಟೇ. ಆ ಹೆಗಲ ಮೇಲಿನ ಕೈಯನ್ನು ಅವ್ವನಿಗೆ ತೋರಿಸಿ, ಆಮೇಲೆ ಕೇಳಿ.

ಒಂದೇ ತೊಡಕು, ಅಳತೆ. ಮೂಲಚಿತ್ರ ಸುಮಾರು 10 ಅಡಿ ಎತ್ತರ, 12 ಅಡಿ ಅಗಲ. ಅದನ್ನು ಹಾಗೇ ಮೂರಡಿಗೆ ಇಳಿಸಿದರೆ ಮುಖಗಳು ನಿಂಬೆಹಣ್ಣಿನಷ್ಟಾಗುತ್ತವೆ, ಕಣ್ಣಿನ ಭಾವವೆಲ್ಲ ಹೋಗಿಬಿಡುತ್ತದೆ. ಇಡೀ ಚಿತ್ರ ಬೇಡ, ನಡುವಿನ ಆ ಇಬ್ಬರನ್ನು ಮಾತ್ರ ದೊಡ್ಡದಾಗಿ ಬರೆಸಿ. ಕುದುರೆಗಳೇ ಬೇಕು ಅಂದ್ರೆ ಇಂಗ್ಲೆಂಡಿನ ಲೇಡಿ ಬಟ್ಲರ್ 1881ರಲ್ಲಿ ಬರೆದ ‘ಸ್ಕಾಟ್ಲೆಂಡ್ ಫಾರೆವರ್’ ಇದೆ. ವಾಟರ್ಲೂ ಯುದ್ಧದ್ದು. ಬಿಳಿ ಕುದುರೆಗಳ ಸಾಲು ನೇರ ನಮ್ಮ ಮೇಲೇ ನುಗ್ಗಿ ಬರುತ್ತದೆ, ಶತ್ರು ಚಿತ್ರದೊಳಗೆ ಕಾಣಿಸೋದೇ ಇಲ್ಲ. ಅದರ ಅಳತೆ ಹೆಚ್ಚುಕಡಿಮೆ ಮೂರೂಕಾಲು ಅಡಿಗೆ ಆರೂಕಾಲು ಅಡಿ. ನಿಮ್ಮ ಗೋಡೆಗೆ ಇದ್ದ ಹಾಗೇ ಕೂರುತ್ತದೆ.

ಇನ್ನು ತಮ್ಮನ ಮಾತು. ಪ್ರಿಂಟ್ ಅಂತ ಹೇಳಿಯೇ ಮಾರುವ ಪ್ರಿಂಟ್ ತಪ್ಪಲ್ಲ. ಪ್ರಿಂಟನ್ನು ಕೈಯಲ್ಲಿ ಬರೆದ ಚಿತ್ರ ಅಂತ ಮಾರೋದು ತಪ್ಪು. ನನಗೇ ಹಾಗಾಗಿದೆ. ಕೈಯಲ್ಲೇ ಬರೆದದ್ದು ಅಂತ ಹೇಳಿ ಒಂದು ಅಂಗಡಿಯವರು ಕಳಿಸಿದ ಕುದುರೆಯ ಚಿತ್ರವನ್ನು ಬಿಚ್ಚಿ ನೋಡಿದರೆ ಬ್ರಷ್ ಗೀರುಗಳೇನೋ ಉಬ್ಬಿ ಕಾಣಿಸುತ್ತಿದ್ದವು, ಆದರೆ ಕುದುರೆಯ ಕುತ್ತಿಗೆ ಬಾಗಿದ ಕಡೆ ಗೀರು ಬಾಗಿರಲಿಲ್ಲ, ಕುತ್ತಿಗೆ, ಆಕಾಶ, ಮಣ್ಣು ಎಲ್ಲದರ ಮೇಲೂ ಒಂದೇ ಸಮ ಹಾದುಹೋಗಿದ್ದವು. ಅಕ್ಕಸಾಲಿಗರ ಹತ್ತಿರ ಇರುತ್ತದಲ್ಲ, ಆ ಭೂತಗನ್ನಡಿ ಹಿಡಿದು ನೋಡಿದೆ. ಕೆಳಗೆಲ್ಲ ಸಣ್ಣ ಸಣ್ಣ ಬಣ್ಣದ ಚುಕ್ಕೆ. ಪ್ರಿಂಟಿನ ಮೇಲೆ ಪಾರದರ್ಶಕ ಜೆಲ್ ಬಳಿದಿದ್ದರು. ಬಹಳ ನೋವಾಯಿತು. ನಿಮಗೆ ಹಾಗಾಗಬಾರದು. ಬರೆಯುತ್ತಿರುವಾಗಲೇ ಮೂರು ಹಂತದ ಫೋಟೊ ಕೇಳಿ: ಚೌಕ ಹಾಕಿ ಗೆರೆ ಎಳೆದಾಗ, ತೆಳು ಕಂದು ಬಣ್ಣ ಬಳಿದಾಗ, ಮುಖ ಬಿಡಿಸುವಾಗ. ನಿಜವಾಗಿ ಬರೆಯುವವರು ಖುಷಿಯಿಂದ ಕಳಿಸುತ್ತಾರೆ.

ವಾರದಲ್ಲೇ ಕೊಡ್ತೀವಿ ಅಂದವರನ್ನು ನಂಬಬೇಡಿ. ಎಣ್ಣೆಬಣ್ಣದಲ್ಲಿರೋದು ನಾವು ಚಟ್ನಿ ಕುಟ್ಟುವ ಅಗಸಿಯದೇ ಎಣ್ಣೆ. ಅದು ನೀರಿನ ಹಾಗೆ ಆರೋದಿಲ್ಲ, ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ಒಂದು ಪದರ ಮುಟ್ಟುವಷ್ಟು ಒಣಗೋಕೇ ದಿನಗಟ್ಟಲೆ ಬೇಕು, ಅದರ ಮೇಲೆ ಇನ್ನೊಂದು, ಮತ್ತೊಂದು. ಸುತ್ತಿ ಕಳಿಸೋದಾದರೆ ಬಣ್ಣದ ಮುಖ ಹೊರಗಿರಲಿ. ಒಳಗೆ ಸುತ್ತಿದರೆ ಬಣ್ಣ ಒತ್ತಿಕೊಂಡು ಮುದುಡುತ್ತದೆ.

ನಮ್ಮೂರಿನ ಯುದ್ಧ ಕೇಳಿದ್ದೀರಿ. ಅದರ ಆ ಕಾಲದ ತೈಲಚಿತ್ರ ಇಲ್ಲ, ಆಗ ನಮ್ಮಲ್ಲಿ ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಬರೆಯುವ ರೂಢಿಯೇ ಇರಲಿಲ್ಲ. ‘ಮೂಲದ ನಕಲು’ ಅಂತ ಯಾರಾದರೂ ತೋರಿಸಿದರೆ ಅದು ಅವರ ಕಲ್ಪನೆ. ಆದರೆ ಪೋರ್ಚುಗೀಸ್ ವ್ಯಾಪಾರಿ ನುನಿಜ್ ಬರೆದಿಟ್ಟ ಒಂದು ಗಳಿಗೆ ಇದೆ, ಅದನ್ನು ಓದಿದಾಗಿನಿಂದ ನನ್ನ ಕಣ್ಣಿಗೆ ಕಟ್ಟಿದೆ. ಆದಿಲ್ ಶಾಹಿಯ ಫಿರಂಗಿ ಏಟಿಗೆ ವಿಜಯನಗರದ ಮುಂದಿನ ಸಾಲು ಚದುರಿ ಓಡಿ ಬರುತ್ತಿದೆ. ಕೃಷ್ಣದೇವರಾಯ ಬೆರಳಿನ ಉಂಗುರ ತೆಗೆದು ಸೇವಕ ಹುಡುಗನ ಕೈಗೆ ಕೊಡುತ್ತಾನೆ, ತಾನು ಸತ್ತೆ ಅನ್ನೋದಕ್ಕೆ ರಾಣಿಯರಿಗೆ ಗುರುತಾಗಿ ತೋರಿಸಲಿ ಅಂತ. ಆಮೇಲೆ ಕುದುರೆ ಏರುತ್ತಾನೆ. ನಿಮ್ಮ ಕೈಯಲ್ಲಿ ಸ್ವಲ್ಪ ಜಾಸ್ತಿ ದುಡ್ಡಿದ್ದರೆ ನಮ್ಮ ಕಡೆಯ ಕಲಾವಿದರೊಬ್ಬರಿಂದ ಇದನ್ನೇ ಹೊಸದಾಗಿ ಬರೆಸಿ ಅನ್ನುತ್ತೇನೆ. ಕುದುರೆಯ ಜೀನು, ಆಯುಧ, ಉಡುಗೆ ಹೇಗಿರಬೇಕು ಅಂದ್ರೆ ಅವರನ್ನು ಹಂಪಿಯ ಹಜಾರರಾಮ ಗುಡಿಗೆ ಕರೆದುಕೊಂಡು ಹೋಗಿ. ಹೊರಗೋಡೆಯ ತುಂಬ ಆನೆ, ಕುದುರೆ, ಕಾಲಾಳುಗಳ ಸಾಲು ಕೆತ್ತಿದ್ದಾರೆ.

ಯಾವುದೇ ಬರೆಸಿದರೂ ಸಂಜೆ ಬಿಸಿಲು ನೇರ ಬೀಳುವ ಗೋಡೆ ಬೇಡ. ನಮ್ಮ ಬೇಸಿಗೆ ನಿಮಗೇ ಗೊತ್ತು. ಏರ್ ಕೂಲರಿನ ಎದುರಿಗಂತೂ ಬೇಡವೇ ಬೇಡ, ಆ ತೇವಕ್ಕೆ ಕ್ಯಾನ್ವಾಸ್ ಸಡಿಲವಾಗಿ ಜೋಲುತ್ತದೆ. ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಮೆತ್ತನೆಯ ಒಣ ಬ್ರಷ್ ಸಾಕು. ಕೊನೆಯ ವಾರ್ನಿಶ್ ಹಾಕೋಕೆ ಆರು ತಿಂಗಳಿಂದ ಒಂದು ವರ್ಷ ಕಾಯಬೇಕು, ಅದಕ್ಕೆ ಕಲಾವಿದರು ಮತ್ತೆ ಮನೆಗೆ ಬರಬೇಕು ಅನ್ನೋದನ್ನು ಮುಂಗಡ ಕೊಡುವಾಗಲೇ ಮಾತಾಡಿಕೊಳ್ಳಿ.