ಕೀಬೋರ್ಡಿನಲ್ಲಿ ಕಾಣದ ಚಿಹ್ನೆಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ರೂಪಾಯಿ, ಡಿಗ್ರಿ, ಅರ್ಧ, ದಂಡ (। ಎಂಬ ನೆಟ್ಟಗೆರೆ) ಇಂಥ ಚಿಹ್ನೆಗಳ ಬಗ್ಗೆಯೇ. ಚಿಹ್ನೆ ಬರಲಿಲ್ಲವೆಂದರೆ ತೊಂದರೆ ಕೀಬೋರ್ಡ್ ಲೇಔಟ್‌ನಲ್ಲಿರುತ್ತದೆ (ಯಾವ ಕೀಲಿಗೆ ಯಾವ ಚಿಹ್ನೆ ಎಂಬ ಜೋಡಣೆ), ಇಲ್ಲವೇ ಫಾಂಟ್‌ನಲ್ಲಿ, ಅದೂ ಅಲ್ಲದಿದ್ದರೆ ಕಡತ ಹೋಗಿ ಸೇರುವ ಯಂತ್ರದಲ್ಲಿ. ಯಾವುದೆಂದು ನೋಡದೆ ಹೊಸ ಕೀಬೋರ್ಡ್ ಕೊಂಡರೆ ದುಡ್ಡು ಪೋಲು. ಮುಂದೆ ಕೋಡ್‌ಗಳಲ್ಲಿ ಬಿ, ಸಿ, ಡಿ ಎಂದಿರುವಲ್ಲಿ ಇಂಗ್ಲಿಷ್ ಅಕ್ಷರವನ್ನೇ ಒತ್ತಬೇಕು.

ಪ್ರಶ್ನೆ: ಹೊಸ ಲ್ಯಾಪ್‌ಟಾಪಿನ 4ರ ಕೀಲಿಯ ಮೇಲೆ ₹ ಅಚ್ಚಾಗಿದೆ, ಒತ್ತಿದರೆ ಮಾತ್ರ ಬರುವುದಿಲ್ಲ. ಆಲ್ಟ್ ಹಿಡಿದು 8377 ಒತ್ತಿ ಎಂದರು. ಅಂಗಡಿಯ ಒಂದು ಕಂಪ್ಯೂಟರಿನಲ್ಲಿ ಸರಿಯಾಗಿ ಬಂತು, ಇನ್ನೊಂದರಲ್ಲಿ ╣ ಬಂತು. ಬಿಲ್ಲಿನಲ್ಲಂತೂ ಪ್ರಶ್ನಾರ್ಥಕ ಚಿಹ್ನೆ. ಏನು ಮಾಡಲಿ?
— ಅಂಗಡಿ ಮಾಲೀಕರು, ಕಲ್ಸಂಕ, ಉಡುಪಿ

ಉತ್ತರ: ಕೀಲಿಯ ಮೇಲೆ ಅಚ್ಚಾದದ್ದನ್ನು ವಿಂಡೋಸ್ ನೋಡುವುದಿಲ್ಲ, ಆಯ್ಕೆಯಾಗಿರುವ ಲೇಔಟ್ ಹೇಳಿದ್ದನ್ನು ಮಾತ್ರ ಕೇಳುತ್ತದೆ. ನಿಮ್ಮದರಲ್ಲಿ ಅಮೆರಿಕದ ಲೇಔಟ್ ಇರಬೇಕು, ಅದರಲ್ಲಿ ₹ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಸಮಯ ಮತ್ತು ಭಾಷೆ, ಅದರೊಳಗೆ ಭಾಷೆ ಮತ್ತು ಪ್ರದೇಶ ತೆರೆದು ಇಂಗ್ಲಿಷ್ (ಇಂಡಿಯಾ) ಸೇರಿಸಿ. ಹಲವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಭಾಷೆ ಇಂಡಿಯಾ ಆಗಿದ್ದರೂ ಅದರ ಕೆಳಗಿನ ಕೀಬೋರ್ಡ್ ಅಮೆರಿಕದ್ದೇ ಉಳಿದಿರಬಹುದು. ಭಾಷೆಯ ಪಕ್ಕದ ಮೂರು ಚುಕ್ಕೆ ಒತ್ತಿ, ಆಯ್ಕೆಗಳಿಗೆ ಹೋಗಿ, ಕೀಬೋರ್ಡ್ ಕೂಡ ಇಂಡಿಯಾದ್ದೇ ಎಂದು ಖಚಿತ ಮಾಡಿಕೊಳ್ಳಿ. ಆಮೇಲೆ ಬಲಗಡೆಯ ಆಲ್ಟ್ ಹಿಡಿದು 4 ಒತ್ತಿದರೆ ₹ ಬರುತ್ತದೆ. ಎಡಗಡೆಯ ಆಲ್ಟ್‌ಗೆ ಬರುವುದಿಲ್ಲ. ಅದರ ಜೊತೆ ಕಂಟ್ರೋಲ್ ಕೂಡ ಹಿಡಿದರೆ ಬರುತ್ತದೆ.

8377 ಎಂಬುದು ₹ ಚಿಹ್ನೆಯ ಯುನಿಕೋಡ್ ಸಂಖ್ಯೆ. ಯುನಿಕೋಡ್ ಎಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಟ್ಟಿರುವ ಪಟ್ಟಿ. ವರ್ಡ್ ಅದನ್ನು ಪೂರ್ತಿ ಓದುತ್ತದೆ. ಹಳೆಯ ಪದ್ಧತಿಯ ತಂತ್ರಾಂಶಗಳು 256ರಿಂದ ಭಾಗಿಸಿ ಉಳಿದದ್ದನ್ನಷ್ಟೇ ತೆಗೆದುಕೊಳ್ಳುತ್ತವೆ. ಶೇಷ 185, ವಿಂಡೋಸ್‌ಗಿಂತ ಹಿಂದಿನ ಡಾಸ್ ವ್ಯವಸ್ಥೆಯ ಅಕ್ಷರಪಟ್ಟಿಯಲ್ಲಿ ಆ ಸ್ಥಾನದಲ್ಲಿರುವುದೇ ╣. ಹಾಗಾಗಿ ಆಲ್ಟ್ ಅಂಕಿಗಳನ್ನು ₹ಗೆ ನೆಚ್ಚಿಕೊಳ್ಳಬೇಡಿ. ಬಲಬದಿಯ ನಂಬರ್ ಪ್ಯಾಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಆ ಉಪಾಯ ನಡೆಯುವುದೂ ಇಲ್ಲ, ಮೇಲಿನ ಸಾಲಿನ ಅಂಕಿಗಳು ಅದಕ್ಕೆ ಆಗುವುದಿಲ್ಲ. ವರ್ಡ್‌ನಲ್ಲಾದರೆ 20ಬಿ9 ಎಂದು ಬರೆದು ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿ.

ಎಕ್ಸೆಲ್‌ನಲ್ಲಿ ₹ ಕೈಯಾರೆ ಹಾಕಲೇಬೇಡಿ. ಕಂಪ್ಯೂಟರಿನ ಪ್ರದೇಶ ಭಾರತ ಎಂದಿಲ್ಲದಿದ್ದರೆ ₹500 ಎಂಬುದು ಅಲ್ಲಿ ಬರೀ ಅಕ್ಷರ, ಮೊತ್ತದಲ್ಲಿ ಸೇರುವುದಿಲ್ಲ. ಅಂಕಿ ಮಾತ್ರ ಬರೆದು, ಇಡೀ ಕಾಲಂ ಆರಿಸಿ, ಕಂಟ್ರೋಲ್ ಮತ್ತು 1 ಒತ್ತಿ, ಕರೆನ್ಸಿಯಲ್ಲಿ ₹ ಆರಿಸಿ.

ಬಿಲ್ಲಿನ ಪ್ರಶ್ನಾರ್ಥಕ ಚಿಹ್ನೆಗೆ ಕಾರಣ ಬೇರೆ. ಹಲವು ಥರ್ಮಲ್ ಪ್ರಿಂಟರುಗಳೊಳಗಿನ ಅಕ್ಷರಪಟ್ಟಿಯಲ್ಲಿ ₹ ಇಲ್ಲ. ಬಿಲ್ಲಿಂಗ್ ತಂತ್ರಾಂಶದಲ್ಲಿ ಟೆಕ್ಸ್ಟ್ ಮೋಡ್ ಬಿಟ್ಟು ವಿಂಡೋಸ್ ಡ್ರೈವರ್ ಮೂಲಕ ಗ್ರಾಫಿಕ್ ಆಗಿ ಅಚ್ಚು ಹಾಕಿಸಿ. ತುಸು ನಿಧಾನ, ಆದರೆ ಕನ್ನಡವೂ ಬರುತ್ತದೆ.

ಪ್ರಶ್ನೆ: ನುಡಿ ಫಾಂಟಿನಲ್ಲಿ ಬೆಲೆಪಟ್ಟಿ ಮಾಡುತ್ತೇವೆ. ½ ಹಾಕಿದರೆ ‘ಳಿ’ ಎಂದೂ ಡಿಗ್ರಿ ಹಾಕಿದರೆ ‘ಲಿ’ ಎಂದೂ ಬರುತ್ತದೆ. ಬ್ರಹ್ಮಕಲಶೋತ್ಸವದ ಆಮಂತ್ರಣಕ್ಕೆ ಜೋಡಿ ದಂಡವೂ ಬೇಕು.
— ಡಿಟಿಪಿ ಕೇಂದ್ರದವರು, ಹಂಪನಕಟ್ಟೆ, ಮಂಗಳೂರು

ಉತ್ತರ: ನೀವು ಬಳಸುತ್ತಿರುವುದು ನುಡಿಯ ಹಳೆಯ, ಯುನಿಕೋಡ್ ಅಲ್ಲದ ಫಾಂಟು. ಅದರಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದಾರೆ. ½ ಇರಬೇಕಾದ ಕಡೆ ಳಿ, ° ಇರಬೇಕಾದ ಕಡೆ ಲಿ. ಪೌಂಡ್ ಚಿಹ್ನೆ ಹಾಕಿ ನೋಡಿ, ನ ಅಕ್ಷರದ ಅರೆಭಾಗ ಬರುತ್ತದೆ. ನೀವು ಒತ್ತಿದ್ದು ಸರಿ, ಫಾಂಟು ತೋರಿಸುವುದು ಬೇರೆ. ಆ ಒಂದು ಚಿಹ್ನೆಯನ್ನು ಮಾತ್ರ ಆರಿಸಿ ಯಾವುದಾದರೂ ಇಂಗ್ಲಿಷ್ ಫಾಂಟಿಗೆ ಬದಲಿಸಿದರೆ ½ ಮರಳಿ ಕಾಣುತ್ತದೆ. ನಂಬರ್ ಪ್ಯಾಡಿನಲ್ಲಿ ಆಲ್ಟ್ ಹಿಡಿದು 0188 ಎಂದರೆ ¼, 0189 ಎಂದರೆ ½, 0190 ಎಂದರೆ ¾. ಮುಂದಿನ ಸೊನ್ನೆ ಬಿಟ್ಟರೆ ಮೇಲೆ ಹೇಳಿದ ಡಾಸ್ ಪಟ್ಟಿಗೆ ಹೋಗಿ ಏನೋ ಬರುತ್ತದೆ.

ಈ ಕಡತವನ್ನು ಯುನಿಕೋಡ್‌ಗೆ ಪರಿವರ್ತಿಸುವಾಗ ಎಚ್ಚರ. ಪರಿವರ್ತಕಕ್ಕೆ ½ ಕೂಡ ಳಿ ಆಗಿಯೇ ಕಾಣಬಹುದು. ‘½ ಕೆ.ಜಿ.’ ಹೋಗಿ ‘ಳಿ ಕೆ.ಜಿ.’ ಆದದ್ದು ಅಚ್ಚಾದ ಮೇಲೆ ಗೊತ್ತಾದರೆ ಪ್ರಯೋಜನವಿಲ್ಲ. ಭಿನ್ನರಾಶಿ, ಇಮೇಲ್ ವಿಳಾಸ, ಇಂಗ್ಲಿಷ್ ಪದ ಇವಿಷ್ಟನ್ನು ಒಂದೊಂದಾಗಿ ನೋಡಿ.

ಹಳೆಯ ಪೇಜ್‌ಮೇಕರ್ ಕಡತಗಳಲ್ಲಿ ₹ ಇದ್ದರೆ ಇನ್ನೊಂದು ಮಾತು. 2010ರ ಜುಲೈ 15ರಂದು ಕೇಂದ್ರ ಸಂಪುಟ ಈ ಚಿಹ್ನೆಯನ್ನು ಒಪ್ಪಿತು. ಯುನಿಕೋಡ್‌ನಲ್ಲಿ ಅದಕ್ಕೆ ಜಾಗ ಸಿಕ್ಕಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ನಡುವಿನ ಆ ದಿನಗಳಲ್ಲಿ ನಮ್ಮ ಮಂಗಳೂರಿನದೇ ಫೊರೇಡಿಯನ್ ಸಂಸ್ಥೆ ಉಚಿತ ಫಾಂಟ್ ಕೊಟ್ಟಿತ್ತು. ಟ್ಯಾಬ್ ಮೇಲಿರುವ ಓರೆಗೆರೆಯ (`) ಕೀಲಿ ಒತ್ತಿದರೆ ₹ ಬರುತ್ತಿತ್ತು. ತುರ್ತಿಗೆ ಒದಗಿದ ಒಳ್ಳೆಯ ಕೆಲಸ ಅದು. ಆದರೆ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅಲ್ಲೆಲ್ಲ ಬರೀ ಓರೆಗೆರೆ ಕಾಣುತ್ತದೆ. ಹುಡುಕಿ ನಿಜವಾದ ₹ ಹಾಕಿಬಿಡಿ. ಪೇಜ್‌ಮೇಕರ್ ಯುನಿಕೋಡ್ ಅರಿಯದು, ಇನ್‌ಡಿಸೈನ್ ಸಿಎಸ್6 ಅಥವಾ ಅದಕ್ಕಿಂತ ಹಳೆಯ ಆವೃತ್ತಿಯಲ್ಲಿ ತೆರೆದು ಮಾಡಬೇಕು.

ಜೋಡಿ ದಂಡ: ವರ್ಡ್‌ನಲ್ಲಿ 0965 ಬರೆದು ಆಲ್ಟ್-ಎಕ್ಸ್ ಒತ್ತಿದರೆ ॥, 0964ಕ್ಕೆ ಒಂಟಿ ।. ಕನ್ನಡಕ್ಕೆ ಪ್ರತ್ಯೇಕ ದಂಡವಿಲ್ಲ, ದೇವನಾಗರಿಯ ಜೊತೆ ಕೊಟ್ಟದ್ದನ್ನೇ ಹಲವು ಭಾರತೀಯ ಲಿಪಿಗಳು ಹಂಚಿಕೊಂಡಿವೆ. ನಿರ್ಮಲಾ ಯುಐ ಫಾಂಟಿನಲ್ಲಿ ಚೆನ್ನಾಗಿ ಕೂರುತ್ತದೆ.

ಪ್ರಶ್ನೆ: ಅಣ್ಣ ದುಬೈಯಿಂದ ತಂದ ಲ್ಯಾಪ್‌ಟಾಪಿನಲ್ಲಿ @ ಒತ್ತಿದರೆ ಉದ್ಧರಣ ಚಿಹ್ನೆ ಬರುತ್ತದೆ. ಕೀಬೋರ್ಡ್ ಕೆಟ್ಟಿದೆಯೇ? ಹೊಸ ದಿರ್ಹಮ್ ಚಿಹ್ನೆ ಹಾಕುವುದು ಹೇಗೆ?
— ವಿದ್ಯಾರ್ಥಿನಿ, ಕಾಪು

ಉತ್ತರ: ಕೆಟ್ಟಿಲ್ಲ, ಬ್ರಿಟನ್ ಲೇಔಟ್ ಆಯ್ಕೆಯಾಗಿದೆ. ಶಿಫ್ಟ್ ಹಿಡಿದು 3 ಒತ್ತಿದರೆ £ ಬಂದರೆ ಖಾತ್ರಿ. ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ ಬೇರೆ ಲೇಔಟ್‌ಗೆ ಹೋಗಿ. ಮತ್ತೆ ಮತ್ತೆ ಅಲ್ಲಿಗೇ ಮರಳಿದರೆ ಭಾಷೆಯ ಆಯ್ಕೆಗಳಲ್ಲಿ ಯುನೈಟೆಡ್ ಕಿಂಗ್‌ಡಮ್ ಕೀಬೋರ್ಡನ್ನು ತೆಗೆದುಹಾಕಿ. ದಿರ್ಹಮ್ ಚಿಹ್ನೆ ಪ್ರಕಟವಾದದ್ದು 2025ರ ಮಾರ್ಚಿನಲ್ಲಿ. ಅದೇ ವರ್ಷ ಸೆಪ್ಟೆಂಬರಿನ ಯುನಿಕೋಡ್ 17ರಲ್ಲಿ ಸೌದಿ ರಿಯಾಲ್ ಬಂತು, ದಿರ್ಹಮ್ ಬರಲಿಲ್ಲ. ಸದ್ಯ ಹೆಸರನ್ನೇ ಬರೆಯಿರಿ.

ಪ್ರಶ್ನೆ: ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ಜ ಕೆಳಗೆ ಚುಕ್ಕೆ ಬೇಕು. ಹಾಕಿದರೆ ಚುಕ್ಕೆಗಳ ವೃತ್ತವೊಂದು ಬರುತ್ತದೆ.
— ಓದುಗರು, ಬೆಂದೂರು, ಮಂಗಳೂರು

ಉತ್ತರ: ಕ್ರಮ ತಪ್ಪಿದೆ. ಮೊದಲು ಜ, ತಕ್ಷಣ ಚುಕ್ಕೆ, ಆಮೇಲೆ ದೀರ್ಘವೋ ಕೊಂಬೋ: ಜ಼, ಜ಼ಾ. ಗುಣಿತ ಹಾಕಿದ ಮೇಲೆ ಚುಕ್ಕೆ ಹಾಕಿದರೆ ಅದಕ್ಕೆ ಅಂಟಿಕೊಳ್ಳಲು ವ್ಯಂಜನ ಸಿಗದೆ ವೃತ್ತ ಕಾಣುತ್ತದೆ. ವರ್ಡ್‌ನಲ್ಲಿ ಜ ಬರೆದು, ಇಂಗ್ಲಿಷ್‌ಗೆ ಬದಲಿಸಿ, 0ಸಿಬಿಸಿ ಒತ್ತಿ ಆಲ್ಟ್-ಎಕ್ಸ್. ಫೋನಿನ ಕೀಬೋರ್ಡಿನಲ್ಲಿ ಚುಕ್ಕೆ ಕಾಣದಿದ್ದರೆ ಒಮ್ಮೆ ಜ಼ ನಕಲು ಮಾಡಿ, ಜಿಬೋರ್ಡ್ (ಗೂಗಲ್ ಕೀಬೋರ್ಡ್) ಸೆಟ್ಟಿಂಗ್ಸ್‌ನ ಡಿಕ್ಷನರಿಯಲ್ಲಿ ‘ಜಜ’ ಎಂಬ ಶಾರ್ಟ್‌ಕಟ್ ಕೊಟ್ಟು ಉಳಿಸಿ. ಐಫೋನಿನಲ್ಲಿ ಇದು ಜನರಲ್, ಕೀಬೋರ್ಡ್, ಟೆಕ್ಸ್ಟ್ ರಿಪ್ಲೇಸ್‌ಮೆಂಟ್‌ನಲ್ಲಿದೆ.

ಪ್ರಶ್ನೆ: ಮೀನಿನ ಪೆಟ್ಟಿಗೆಯ ಲೇಬಲ್ಲಿನಲ್ಲಿ ಮೈನಸ್ 18 ಡಿಗ್ರಿ ಎಂದು ಹಾಕುವಾಗ ಮೈನಸ್ ಒಂದು ಸಾಲಿನಲ್ಲಿ, 18 ಮುಂದಿನ ಸಾಲಿನಲ್ಲಿ ಬೀಳುತ್ತದೆ.
— ಶೀತಲಗೃಹದ ಸಿಬ್ಬಂದಿ, ಮಲ್ಪೆ

ಉತ್ತರ: ಲೇಬಲ್ ಓದುವವರು ಮೈನಸ್ ಗಮನಿಸದೆ 18 ಎಂದುಕೊಂಡರೆ ಸರಕೇ ಹಾಳು, ಆದ್ದರಿಂದ ಇದನ್ನು ಸರಿಮಾಡಲೇಬೇಕು. ನೀವು ಹಾಕಿದ್ದು ಹೈಫನ್, ಅದರ ನಂತರ ಸಾಲು ಮುರಿಯುತ್ತದೆ. ವರ್ಡ್‌ನಲ್ಲಿ 2212 ಬರೆದು ಆಲ್ಟ್-ಎಕ್ಸ್ ಒತ್ತಿದರೆ ನಿಜವಾದ − ಬರುತ್ತದೆ. ಡಿಗ್ರಿಗೆ ನಂಬರ್ ಪ್ಯಾಡಿನಲ್ಲಿ ಆಲ್ಟ್ 0176. 18 ಮತ್ತು ° ನಡುವೆ ಜಾಗ ಬೇಕಾದರೆ ಕಂಟ್ರೋಲ್, ಶಿಫ್ಟ್, ಸ್ಪೇಸ್ ಮೂರನ್ನೂ ಒತ್ತಿ, ಅದು ಮುರಿಯದ ಜಾಗ. ಚಿಕ್ಕ ಸೊನ್ನೆಯನ್ನು ಮೇಲೇರಿಸಿ ಡಿಗ್ರಿ ಮಾಡಬೇಡಿ, ಬೇರೆ ಕಡೆ ಅಂಟಿಸಿದಾಗ 180 ಆದೀತು. ಐಫೋನಿನಲ್ಲಿ 0 ಒತ್ತಿಹಿಡಿದರೆ °, ಮ್ಯಾಕ್‌ನಲ್ಲಿ ಆಪ್ಷನ್, ಶಿಫ್ಟ್, 8. ಆಂಡ್ರಾಯ್ಡ್‌ನ ಜಿಬೋರ್ಡ್‌ನಲ್ಲಿ ಚಿಹ್ನೆಗಳ ಎರಡನೇ ಪುಟದಲ್ಲಿದೆ. ಎಕ್ಸೆಲ್‌ನಲ್ಲಿ ತಾಪಮಾನ ದಾಖಲಿಸುವಾಗ ಮಾತ್ರ ಹೈಫನ್ನನ್ನೇ ಬಳಸಿ, ಅಲ್ಲಿ − ಹಾಕಿದರೆ ಅಂಕಿಯಾಗಿ ಗಣನೆಗೆ ಬರುವುದಿಲ್ಲ.

ಪ್ರಶ್ನೆ: ‘ಸುರತ್ಕಲ್‌ನಲ್ಲಿ’ ಎಂದು ಬರೆದರೆ ನ ಒತ್ತಾಗಿ ಕೆಳಗಿಳಿಯುತ್ತದೆ. ರ‍್ಯಾಂಕ್ ಬರೆದರೆ ಅರ್ಕಾವತ್ತು ಬರುತ್ತದೆ.
— ಶಿಕ್ಷಕರು, ಸುರತ್ಕಲ್

ಉತ್ತರ: ಎರಡಕ್ಕೂ ಕಣ್ಣಿಗೆ ಕಾಣದ ಚಿಹ್ನೆಗಳಿವೆ. ‘ಸುರತ್ಕಲ್’ ಆದ ಮೇಲೆ 200ಸಿ ಹಾಕಿ ಆಲ್ಟ್-ಎಕ್ಸ್ ಒತ್ತಿ, ಮುಂದೆ ‘ನಲ್ಲಿ’ ಬರೆಯಿರಿ. ರ‍್ಯಾಂಕ್‌ಗೆ ರ ಆದ ಕೂಡಲೇ 200ಡಿ, ಆಮೇಲೆ ಹಲಂತ (ಅರ್ಧಾಕ್ಷರದ ಚಿಹ್ನೆ), ಆಮೇಲೆ ಯ. ಹಲಂತ ಮೊದಲಾದರೆ ಫಲ ಸಿಗುವುದಿಲ್ಲ. ಮಕ್ಕಳ ಹೆಸರಿನ ಪಟ್ಟಿಯಲ್ಲಿ ಈ ಕಾಣದ ಚಿಹ್ನೆ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಹುಡುಕಿದಾಗ ಹೆಸರು ಸಿಗದೆ ಹೋಗಬಹುದು. ಹಾಗಾದಾಗ ಹೆಸರಿನ ಮೊದಲ ಎರಡು ಅಕ್ಷರ ಮಾತ್ರ ಕೊಟ್ಟು ಹುಡುಕಿ.